ಗ್ರಹಣದ ಹೊತ್ತಿನ ಇಡ್ಲಿ

ಆ ಕಾಲದಲ್ಲಿ ನಾನು ದೆಹಲಿಯಲ್ಲಿ, ನಮ್ಮ ಕಡೆಯ ಮಂತ್ರಿಯೊಬ್ಬರ ಬಳಿ ಸ್ಟೆನೋ ಆಗಿದ್ದೆ. ಒಂದು ಸಲ ಬೆಳಬೆಳಗ್ಗೆಯೇ ಸೂರ್ಯಗ್ರಹಣ ಬಂತು. ಗ್ರಹಣ ಹಿಡಿದಿರುವಾಗಲೇ ಬಂಗಲೆಯ ಲಾನಿನಲ್ಲಿ ತಿಂಡಿ ತಿನ್ನುತ್ತೇನೆಂದು ಮಂತ್ರಿಗಳು ಟಿವಿಯವರಿಗೆ ಹೇಳಿಕಳಿಸಿದ್ದರು. ಸರೋಜಿನಿ ನಗರದ ಕ್ವಾರ್ಟರ್ಸ್‌ನಿಂದ ನಾನೂ ಆಟೋ ಹಿಡಿದು ಓಡಿದೆ.

ಮಂತ್ರಿಗಳು ಇಡ್ಲಿ ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟರು. ಕ್ಯಾಮೆರಾದವನು ಸರಿಯಾಗಿ ಬರಲಿಲ್ಲ ಎಂದದ್ದಕ್ಕೆ ಮತ್ತೊಮ್ಮೆ ಇಟ್ಟರು. "ಯಾರಾದರೂ ಧೈರ್ಯ ಮಾಡಲೇಬೇಕಲ್ಲ," ಎಂದರು.

ಅವರಿಗೆ ಯಾರ ಭಯವಿತ್ತು? ಬಹಿಷ್ಕಾರ ಹಾಕುವ ನೆಂಟರಿಲ್ಲ, ಮನೆ ಖಾಲಿ ಮಾಡಿಸುವ ಮಾಲೀಕನಿಲ್ಲ. ಗೇಟಿನಲ್ಲಿ ಬಂದೂಕಿನ ಕಾವಲು ಬೇರೆ. ಅಷ್ಟಕ್ಕೆ ಶೌರ್ಯವೆನ್ನುವುದಾದರೆ ಈಜುಕೊಳದಲ್ಲಿ ಕಾಲು ಇಳಿಬಿಟ್ಟವನೂ ಸಮುದ್ರ ದಾಟಿದ ಹಾಗೆ.

ಆಮೇಲೆ ಸಿಬ್ಬಂದಿಯಾದ ನಮ್ಮನ್ನೂ ತಿನ್ನಲು ಕರೆದರು. ನಾನು ನಗುನಗುತ್ತಲೇ ತಿಂದೆ. ಮಂತ್ರಿಗಳ ಕಾರು ಓಡಿಸುತ್ತಿದ್ದ ಗಾಜಿಯಾಬಾದ್ ಕಡೆಯ ಡ್ರೈವರ್ ಮಾತ್ರ ತಟ್ಟೆ ಮುಟ್ಟಲಿಲ್ಲ. ಅವನ ಹೆಂಡತಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈಗ ಏಳು ತಿಂಗಳು.

"ತಿನ್ನಪ್ಪಾ, ಏನೂ ಆಗಲ್ಲ," ಎಂದು ಮಂತ್ರಿಗಳು ಹಿಂದಿಯಲ್ಲಿ ಹೇಳಿದರು. ಕ್ಯಾಮೆರಾ ಅವನತ್ತ ತಿರುಗಿತು.

"ನಹೀಂ ಸಾಬ್. ಏನಾದರೂ ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಮನೆಯಲ್ಲಿ ಉಪವಾಸ ಕೂತಿದ್ದಾಳೆ. ನಾನೂ ತಿನ್ನಲ್ಲ ಅಂತ ಮಾತು ಕೊಟ್ಟು ಬಂದಿದ್ದೇನೆ."

ಮಂತ್ರಿಗಳ ಮುಖ ಕಪ್ಪಿಟ್ಟಿತು. ಗ್ರಹಣವೆಂಬುದನ್ನು ಅಂದು ಅಷ್ಟು ಹತ್ತಿರದಿಂದ ನೋಡಿದವನು ನಾನೊಬ್ಬನೇ ಇರಬೇಕು.

ಮಧ್ಯಾಹ್ನದೊಳಗೆ ಆ ಡ್ರೈವರನನ್ನು ಅವನ ಮೂಲ ಇಲಾಖೆಗೆ ವಾಪಸು ಕಳಿಸುವ ಪತ್ರ ಟೈಪ್ ಮಾಡಿದೆ. 'ಆಡಳಿತದ ಕಾರಣಗಳಿಗಾಗಿ.' ಅವನು ಅದನ್ನು ಓದಿಸಿಕೊಂಡು ಕೇಳಿದ: "ನನ್ನ ತಪ್ಪೇನು ಅಂತ ಬರೆದಿಲ್ಲವಾ?"

"ಇಲ್ಲ."

"ಅಚ್ಛಾ," ಎಂದು ಸಹಿ ಹಾಕಿದ. ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಒಮ್ಮೆಯೂ ಗೋಗರೆಯದೆ ಹೊರಟುಹೋದ. ಮುಂದೆ ಅವನಿಗೆ ಹೆಣ್ಣುಮಗುವಾಯಿತೆಂದು ಕೇಳಿದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿದೆಯೆಂದು ನಾನು ಅಂದೂ ನಂಬಿರಲಿಲ್ಲ, ಇಂದೂ ನಂಬುವುದಿಲ್ಲ. ಆದರೆ ಆ ಲಾನಿನಲ್ಲಿ ಕಳೆದುಕೊಳ್ಳುವುದಿದ್ದೂ ಬೇಡ ಎಂದವನು ಅವನೊಬ್ಬನೇ.

ಗ್ರಹಣ ಕಳೆದು ತಿಂಗಳೊಳಗೆ ಮಂತ್ರಿಗಳ ಊರಿನ ಸಂಘದವರು ಆ ಇಡ್ಲಿ ತಿಂದ ಧೈರ್ಯಕ್ಕಾಗಿ ಅವರಿಗೆ ಶಾಲು ಹೊದಿಸಿದರು. ಬಿನ್ನವತ್ತಳೆ ಬರೆದವನು ನಾನೇ. ಅದರಲ್ಲಿ 'ದಿಟ್ಟ' ಎಂದು ಮೂರು ಕಡೆ ಬರೆದಿದ್ದೆ. ಮಂತ್ರಿಗಳು ಕರಡು ಓದಿ, "ಇನ್ನೊಂದು ಕಡೆ ಸೇರಿಸ್ರೀ," ಎಂದರು. ಸೇರಿಸಿದೆ.