ತೊಳೆದಿಟ್ಟ ಎಂಟು ವ್ಯಾಗನ್‌ಗಳು

ಆ ಗುರುವಾರ ಸಂಜೆ ಸಿಂಗಪುರದ ಜುರಾಂಗ್ ಈಸ್ಟ್‌ನ ಆಫೀಸಿನಿಂದ ಬಿಶಾನ್‌ನ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಬಾ, ಅಡುಗೆಮನೇಲಿ ಒಂದು ತೋರಿಸ್ತೀನಿ," ಎಂದು ಕೈಹಿಡಿದು ಕರೆದುಕೊಂಡು ಹೋದರು.

ಸಿಂಕಿನ ಪಕ್ಕ ಟವೆಲ್ ಹಾಸಿ, ಲೋಟಗಳನ್ನು ಬೋರಲು ಹಾಕುವ ಹಾಗೆ, ಮಾದರಿ ರೈಲಿನ ಎಂಟು ಪುಟ್ಟ ಗೂಡ್ಸ್ ವ್ಯಾಗನ್‌ಗಳನ್ನು ಬೋರಲು ಹಾಕಿದ್ದರು. ಚಕ್ರಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅದೆಷ್ಟು ತುಕ್ಕು, ಎಷ್ಟು ಕೊಳೆ ಮೆತ್ಕೊಂಡಿತ್ತು ಅಂತೀಯ! ಬಿಸಿನೀರಿಗೆ ಪಾತ್ರೆ ಸೋಪು ಹಾಕಿ, ಹಳೇ ಹಲ್ಲುಜ್ಜೋ ಬ್ರಶ್‌ನಲ್ಲಿ ತಿಕ್ಕಿದೆ. ಈಗ ನೋಡು."

"ಚೆನ್ನಾಗಿದೆ ಅತ್ತೆ," ಎಂದೆ.

ಆ ವ್ಯಾಗನ್‌ಗಳು ನನ್ನವಲ್ಲ. ಮದುವೆಗೆ ಮುಂಚೆ ಎರಡು ವರ್ಷ ಕೆಲಸದ ಮೇಲೆ ಐರ್ಲೆಂಡಿನಲ್ಲಿದ್ದಾಗ ನನಗೆ ಅಲ್ಲಿನ ರೈಲುಗಳ ಹುಚ್ಚು ಹಿಡಿದಿತ್ತು. ಸಿಂಗಪುರಕ್ಕೆ ಬಂದಮೇಲೆ ಅವುಗಳ ಮಾದರಿ ಕಟ್ಟುವುದನ್ನು ಕಲಿಸಿದವರು ಬ್ಯೂನಾ ವಿಸ್ಟಾದ ಕಾಂಡೊ ಅಪಾರ್ಟ್‌ಮೆಂಟ್ ಒಂದರಲ್ಲಿದ್ದ ನಿವೃತ್ತ ಐರಿಶ್ ಎಂಜಿನಿಯರ್. ನನ್ನ ಮಗಳು ಅವರನ್ನು ಟ್ರೇನ್ ಅಂಕಲ್ ಎನ್ನುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಯಿತು. ಐರ್ಲೆಂಡಿನ ಹಳಿಗಳ ನಡುವಿನ ಅಂತರ ಇಂಗ್ಲೆಂಡಿನದಕ್ಕಿಂತ ಹೆಚ್ಚು. ಅಂಗಡಿಯ ಮಾದರಿ ಹಳಿಗಳು ಅದಕ್ಕೆ ಸರಿಹೊಂದುವುದಿಲ್ಲ ಎಂದು ಅವರು ಪ್ರತಿಯೊಂದು ಹಳಿಯನ್ನೂ ಕೈಯಲ್ಲೇ ಜೋಡಿಸಿದವರು. ಅಷ್ಟು ಹಟ.

ಅವರ ಊರಿನ ಕಡೆ ಸಕ್ಕರೆ ತೆಗೆಯುವ ಬೀಟ್‌ಗೆಡ್ಡೆಯನ್ನು ರೈಲಿನಲ್ಲಿ ಸಾಗಿಸುತ್ತಿದ್ದರು. ಹಳೆಯ ವ್ಯಾಗನ್ ಒಂದರ ಮೇಲೆ ಇನ್ನೊಂದನ್ನು ಕೂರಿಸಿದಂಥ ಎತ್ತರದ ಗಾಡಿಗಳು. ಆ ರೈಲು ನಿಂತುಹೋಗುವ ಕೊನೆಯ ಚಳಿಗಾಲದಲ್ಲಿ ಅವರು ಹಳಿಯ ಪಕ್ಕ ನಿಂತು ಫೋಟೋ ತೆಗೆದಿದ್ದರು. ಯಾವ ವ್ಯಾಗನ್ನಿನ ಯಾವ ಮೂಲೆಯಲ್ಲಿ ಎಷ್ಟು ತುಕ್ಕಿತ್ತು ಎಂದು ಆ ಫೋಟೋ ನೋಡಿ, ಈ ಎಂಟು ಮಾದರಿಗಳಿಗೆ ಬಣ್ಣದ ಪುಡಿಯನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿದ್ದರು. ಮೇಲೆ ವಾರ್ನಿಷ್ ಬಳಿದರೆ ಬಣ್ಣ ಸತ್ತುಹೋಗುತ್ತದೆ ಎಂದು ಬಳಿದಿರಲಿಲ್ಲ. ಶನಿವಾರ ಒಂದು ಕಮ್ಯುನಿಟಿ ಕ್ಲಬ್ಬಿನಲ್ಲಿ ಮಾದರಿ ರೈಲುಗಳ ಪ್ರದರ್ಶನವಿತ್ತು. ಅವರ ಮನೆಯಲ್ಲಿ ಏಸಿ ಬದಲಾಯಿಸಲು ಗೋಡೆ ಒಡೆಯುತ್ತಿದ್ದುದರಿಂದ ವ್ಯಾಗನ್‌ಗಳ ಪೆಟ್ಟಿಗೆಯನ್ನು ನನ್ನ ಹತ್ತಿರ ಬಿಟ್ಟಿದ್ದರು. ನಾನು ಅದನ್ನು ಕಪಾಟಿನಲ್ಲಿಟ್ಟೆ. ಮುಟ್ಟಬೇಡಿ ಎಂದು ಅತ್ತೆಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ಅವರು ಮೈಸೂರಿನಿಂದ ಬಂದು ಹತ್ತು ದಿನವಾಗಿತ್ತಷ್ಟೆ. ದಿನವಿಡೀ ಫ್ಲ್ಯಾಟಿನಲ್ಲಿ ಒಬ್ಬರೇ ಕೂತು ಏನು ಮಾಡಿಯಾರು?

ಗಂಡನಿಗೆ ರೂಮಿನ ಬಾಗಿಲು ಹಾಕಿಕೊಂಡು ಹೇಳಿದೆ. ಅವನು ಪಿಸುಮಾತಿನಲ್ಲೇ, "ಪೌಡರ್ ನಿನ್ನ ಹತ್ರಾನೂ ಇದೆಯಲ್ಲ, ಮತ್ತೆ ಹಚ್ಚಿಬಿಡು. ಅಂಕಲ್‌ಗೆ ವಯಸ್ಸಾಗಿದೆ, ಕಣ್ಣಿಗೆ ಅಷ್ಟೆಲ್ಲ ಕಾಣ್ಸಲ್ಲ. ಅಮ್ಮನಿಗೆ ಮಾತ್ರ ಏನೂ ಹೇಳ್ಬೇಡ, ಪ್ಲೀಸ್," ಎಂದ.

ನನಗೂ ಅದೇ ಬೇಕಾಗಿತ್ತು. ಶುಕ್ರವಾರ ರಜೆ ಹಾಕಿ ಬೆಳಿಗ್ಗೆಯೇ ಡೈನಿಂಗ್ ಟೇಬಲ್ಲಿನ ಮೇಲೆ ಪೇಪರ್ ಹಾಸಿ ಕೂತೆ. ನನ್ನ ಬಳಿ ಫೋಟೋಗಳಿರಲಿಲ್ಲ. ನೆನಪಿನಿಂದಲೇ ಒಂದು ವ್ಯಾಗನ್ನಿಗೆ ಪುಡಿ ಹಚ್ಚತೊಡಗಿದೆ. ಅಂಗೈ ಬೆವರಿ, ಹಚ್ಚಿದ್ದೆಲ್ಲ ಬೆರಳಿಗೇ ಅಂಟುತ್ತಿತ್ತು. ಎರಡು ಗಂಟೆಯಾದರೂ ಅದು ತುಕ್ಕಿನ ಹಾಗೆ ಕಾಣಲಿಲ್ಲ; ಗೋಡೆಗೆ ಅರಿಶಿನ ಮೆತ್ತಿದ ಹಾಗಿತ್ತು.

ಹಿಂದೆ ಅತ್ತೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ತೊಳೆದಿಟ್ಟಿದ್ದಕ್ಕೆ ಮತ್ತೆ ಕೊಳೆ ಬಳಿತಿದ್ದೀಯಲ್ಲ, ಯಾಕೆ?"

ನಾನು ತಲೆ ಎತ್ತಲಿಲ್ಲ. "ಅದು ಇರಬೇಕಾಗಿದ್ದೇ ಹಾಗೆ, ಅತ್ತೆ."

"ಅಂದ್ರೆ... ಬೇಕು ಅಂತಾನೇ ಮಾಡಿದ್ದಾ?"

ಹೌದೆಂದು ತಲೆಯಾಡಿಸಿದೆ. ಅವರು ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾನೂ ಊಟ ಮಾಡಲಿಲ್ಲ. ಒಂದು ವ್ಯಾಗನ್ನೇ ಇಷ್ಟು ಕೆಟ್ಟಿದೆ, ಇನ್ನು ಏಳು ಹಾಗೇ ಕೂತಿವೆ. ಕೊನೆಗೆ ಫೋನ್ ತೆಗೆದು ಟ್ರೇನ್ ಅಂಕಲ್‌ಗೆ ನಡೆದದ್ದನ್ನು ಹೇಳಿದೆ. ಯಾರು ತೊಳೆದರೆಂದು ಹೇಳಲಿಲ್ಲ. "ನಮ್ಮ ಮನೆಯಲ್ಲಿ ಆಯಿತು" ಎಂದೆ.

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ಇನ್ನೇನನ್ನೂ ಮುಟ್ಟಬೇಡ. ಬರ್ತೀನಿ."

ಒಂದು ಗಂಟೆಯೊಳಗೆ ಬಂದರು. ಕುಡಿಯಲು ನೀರು ಕೊಟ್ಟರೆ ಮುಟ್ಟಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದೇ ವ್ಯಾಗನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೂರನ್ನು ಎಡಕ್ಕಿಟ್ಟರು, ನಾಲ್ಕನ್ನು ಬಲಕ್ಕೆ. ನಾನು ಬಣ್ಣ ಹಚ್ಚಿದ್ದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ಇದನ್ನ ಮಾಡಿದ್ದು ನೀನಾ?"

"ಹೌದು."

"ನನಗೆ ಗೊತ್ತಾಗಲ್ಲ ಅಂದುಕೊಂಡೆಯಾ?"

ಸುಳ್ಳು ಹೇಳಲು ಧೈರ್ಯ ಬರಲಿಲ್ಲ. "ಗೊತ್ತಾಗದೇ ಇರಲಿ ಅಂತ ಆಸೆಯಿತ್ತು," ಎಂದೆ.

ಆಗ ರೂಮಿನ ಬಾಗಿಲು ತೆರೆಯಿತು. ಅತ್ತೆ ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು ಬಂದು ಅವರೆದುರು ನಿಂತರು. ನನ್ನ ಕಡೆ ನೋಡದೆ, "ತೊಳೆದಿದ್ದು ನಾನು ಅಂತ ಹೇಳು. ಇವಳಿಗೆ ಏನೂ ಗೊತ್ತಿರಲಿಲ್ಲ ಅಂತಾನೂ ಹೇಳು. ನಾನು ಹೇಳಿದ ಹಾಗೇ ಹೇಳು," ಎಂದರು.

ಇಂಗ್ಲಿಷಿನಲ್ಲಿ ಹಾಗೇ ಹೇಳಿದೆ. ಟ್ರೇನ್ ಅಂಕಲ್ ಎದ್ದು ನಿಂತರು. ಮುಖ ಕುತ್ತಿಗೆಯವರೆಗೂ ಕೆಂಪಗಾಗಿತ್ತು. ಆಮೇಲೆ ಅತ್ತೆಗಲ್ಲ, ನನಗೆ ಹೇಳಿದರು: "ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಿನಗೆ."

ತುಕ್ಕು ಅಷ್ಟಿಷ್ಟು ಉಳಿದಿದ್ದ ಮೂರು ವ್ಯಾಗನ್‌ಗಳನ್ನು ಮಾತ್ರ ಹತ್ತಿಯಲ್ಲಿ ಸುತ್ತಿಕೊಂಡು ಹೊರಟರು. ಅತ್ತೆ ಕೈಮುಗಿದರು; ಅವರೂ ಅರ್ಧ ಬಗ್ಗಿ ಲಿಫ್ಟಿನ ಕಡೆ ನಡೆದರು.

ಶನಿವಾರ ನಾನೂ ಪ್ರದರ್ಶನಕ್ಕೆ ಹೋದೆ. ಎಂಟು ವ್ಯಾಗನ್‌ಗಳಿಗೆಂದು ಅಳೆದು ಕಟ್ಟಿದ ಪ್ಲಾಟ್‌ಫಾರ್ಮಿನ ಪಕ್ಕ ಮೂರೇ ವ್ಯಾಗನ್ನಿನ ರೈಲು ಬಂದು ನಿಲ್ಲುತ್ತಿತ್ತು. ಜನ ಫೋಟೋ ತೆಗೆದುಕೊಂಡರು, ಮಕ್ಕಳು ಸಿಂಗಪುರದ ಇಂಗ್ಲಿಷಿನಲ್ಲಿ "ಸೋ ನೈಸ್ ಲಾ" ಎಂದರು. ಏನೋ ಕಡಿಮೆಯಿದೆ ಎಂದು ಯಾರಿಗೂ ಅನಿಸಲಿಲ್ಲ. ಟ್ರೇನ್ ಅಂಕಲ್ ರೈಲಿನ ಕಂಟ್ರೋಲರ್ ಹಿಡಿದುಕೊಂಡು ಇಡೀ ದಿನ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಎರಡು ತಿಂಗಳು ಅವರಿಂದ ಫೋನಿಲ್ಲ. ಅತ್ತೆ ದಿನಾ ಕೇಳುತ್ತಿದ್ದರು, "ಅವರೇನಾದ್ರೂ ಅಂದ್ರಾ?" ಇಲ್ಲ ಎನ್ನುತ್ತಿದ್ದೆ. ಅತ್ತೆ ಊರಿಗೆ ಹೊರಡುವ ವಾರ ಟ್ರೇನ್ ಅಂಕಲ್ ಮೆಸೇಜ್ ಬಂತು. ಭಾನುವಾರ ಉಳಿದ ಐದನ್ನೂ ತೆಗೆದುಕೊಂಡು ಬಾ, ಫೋಟೋ ಹುಡುಕಿಟ್ಟಿದ್ದೇನೆ ಎಂದಿತ್ತು. ಓದಿ ಹೇಳಿದಾಗ ಅತ್ತೆ ಸೋಫಾದ ಮೇಲೆ ಕೂತುಬಿಟ್ಟರು. "ಸದ್ಯ," ಎಂದರು, ಅಷ್ಟೇ.

ಆ ವರ್ಷವಿಡೀ ಭಾನುವಾರಗಳಂದು ಟ್ರೇನ್ ಅಂಕಲ್ ಮನೆಯಲ್ಲಿ ಕೂತು ಐದು ವ್ಯಾಗನ್‌ಗಳಿಗೂ ತುಕ್ಕು ಹಿಡಿಸಿದೆವು. ನೀರು ಇಳಿಯುವ ದಾರಿಯಲ್ಲೇ ತುಕ್ಕು ಇಳಿಯಬೇಕು ಎಂದು ಅವರು ಬ್ರಶ್ ಹಿಡಿದ ನನ್ನ ಕೈಯನ್ನು ತಿದ್ದುತ್ತಿದ್ದರು. ನಗುತ್ತಲೂ ಇದ್ದರು, ಮೊದಲಿನ ಹಾಗೆಯೇ. ಆದರೆ ಎಷ್ಟು ತಡವಾದರೂ, ಕೆಲಸ ಎಷ್ಟೇ ಬಾಕಿಯಿದ್ದರೂ, ಒಂದನ್ನೂ ಮನೆಗೆ ಒಯ್ಯಲು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.