ಖಮೀಸ್ ಭಾಯ್ ಕಾಣದ ದೇಶ

ಕೊಮೊರೋಸ್ ಎಂಬ ದೇಶದ ಬಗ್ಗೆ ಖಮೀಸ್ ಭಾಯ್‌ಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಆಫ್ರಿಕಾದ ಪೂರ್ವಕ್ಕೆ ಸಮುದ್ರದ ನಡುವೆ ಮೂರು ದ್ವೀಪಗಳು. ಒಂದರ ಮೇಲೆ ಬೆಂಕಿಬೆಟ್ಟ. ಹೊರಗೆ ಮಾರಲು ಲವಂಗ, ವೆನಿಲ್ಲಾ, ಅತ್ತರಿಗೆ ಬಳಸುವ ಹಳದಿ ಹೂವು. ಅಲ್ಲಿ ಎಷ್ಟು ಸಲ ಬಂದೂಕಿನವರು ಬಂದು ಸರ್ಕಾರ ಬೀಳಿಸಿದರು ಎಂಬುದೂ ಅವರ ಬಾಯಲ್ಲಿತ್ತು. ಆದರೆ ಒಮ್ಮೆಯೂ ಅವರು ಅಲ್ಲಿಗೆ ಹೋದವರಲ್ಲ. ಆ ದೇಶದ ಪಾಸ್‌ಪೋರ್ಟ್ ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಅವರ ಜೇಬಿನಲ್ಲಿ ಸದಾ ಇರುತ್ತಿತ್ತು.

ಅವರು ಹುಟ್ಟಿದ್ದು ದುಬೈಯಲ್ಲೇ. ಅವರಜ್ಜ ಹಾಯಿಹಡಗಿನಲ್ಲಿ ಬಂದು ದೇರಾದ ಧಕ್ಕೆಯಲ್ಲಿ ಮೂಟೆ ಹೊತ್ತವರು. ಪ್ರಜೆಗಳ ಹೆಸರು ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅಜ್ಜನಿಗೆ ಅದರ ಗೊಡವೆ ಬೇಡವೆನಿಸಿತಂತೆ. ಅಲ್ಲಿಂದ ಮೂರು ತಲೆಮಾರು ಯಾವ ದೇಶಕ್ಕೂ ಸೇರಲಿಲ್ಲ. ಇಂಥವರನ್ನು ಇಲ್ಲಿ ಬಿದೂನ್ ಎನ್ನುತ್ತಾರೆ. ಅಂದರೆ ಕಾಗದಪತ್ರ ಇಲ್ಲದವರು. ಕೊನೆಗೆ ಆ ಬಡ ದ್ವೀಪಗಳ ಸರ್ಕಾರ ಇಲ್ಲಿಯ ಸರ್ಕಾರ ಕೊಟ್ಟ ದುಡ್ಡಿಗೆ ಇಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಅಲ್ಲಿ ಹೋಗಿ ನೆಲೆಸುವ ಹಕ್ಕು ಅದರಲ್ಲಿ ಇರಲಿಲ್ಲ.

"ಹುಡುಗಿಯ ಮುಖ ನೋಡದೆ ನಿಕಾಹ್ ಆದ ಹಾಗೆ ಶೆಟ್ರೇ," ಎಂದು ಅವರು ನಗುತ್ತಿದ್ದರು. "ಆದ ಮೇಲೆ ಅವಳ ಮನೆ ಸಂಗತಿ ತಿಳ್ಕೊಳ್ಳದಿದ್ರೆ ಆಗ್ತದಾ?"

ನಾನು ದುಬೈಯ ಅಲ್ ಕೂಜ್‌ನಲ್ಲಿ ಎ.ಸಿ. ಡಕ್ಟ್ ಮಾಡುವ ಕಂಪನಿಯ ಸ್ಟೋರ್ ಕೀಪರ್. ಅವರು ನಮ್ಮ ಪಿಕಪ್ ಡ್ರೈವರ್. ಗೋಡೌನಿನಲ್ಲಿ ಉಡುಪಿ, ಪುತ್ತೂರಿನವರೇ ತುಂಬಿದ್ದರಿಂದ ಅವರಿಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತಿತ್ತು. ಮಧ್ಯಾಹ್ನ ನನ್ನ ಬುತ್ತಿಯ ಕುಚ್ಚಲಕ್ಕಿ ಅನ್ನಕ್ಕೆ ಅವರದೂ ಒಂದು ಪಾಲು. ತಿಂದ ಮೇಲೆ ನಾಳೆ ತಮ್ಮ ಮನೆಯಿಂದ ಮೀನು ತರುತ್ತೇನೆ ಎನ್ನುವರು, ತಪ್ಪದೆ ತರುವರು.

ಒಮ್ಮೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಟವರಿಗೆ ಇಬ್ಬರೂ ಮಾಲು ಕೊಂಡುಹೋಗಿದ್ದೆವು. ಗೇಟಿನ ಸೆಕ್ಯೂರಿಟಿಯವನು ಮಾತಿನ ನಡುವೆ ತಾನು ಕೊಮೊರೋಸಿನವನು ಎಂದ. ಖಮೀಸ್ ಭಾಯ್ ಇಳಿದು ಹೋಗಿ ಅವನನ್ನು ತಬ್ಬಿಕೊಂಡರು, ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ತೋರಿಸಿದರು. ಅವನು ಯಾವ ದ್ವೀಪ, ಯಾವ ಊರು ಎಂದು ಕೇಳಿದ.

"ದುಬೈ," ಎಂದರು ಖಮೀಸ್ ಭಾಯ್.

ಅದು ದುಡ್ಡಿಗೆ ಬಂದ ಪಾಸ್‌ಪೋರ್ಟ್ ಎಂದು ಅವನಿಗೆ ಅರ್ಥವಾಯಿತು. ಸಿಟ್ಟಾಗಲಿಲ್ಲ. ಅವನು ಅರಬ್ಬಿಯಲ್ಲಿ ಹೇಳಿದ್ದನ್ನು ಖಮೀಸ್ ಭಾಯ್ ಆಮೇಲೆ ನನಗೆ ಬಿಡಿಸಿ ಹೇಳಿದರು. ಅವನ ತಂಗಿಗೆ ಹೆರಿಗೆ ಕಷ್ಟವಾದಾಗ ಊರಿನಲ್ಲಿ ವೈದ್ಯರಿರಲಿಲ್ಲ. ಪಕ್ಕದ ದ್ವೀಪ ಫ್ರಾನ್ಸಿನ ಕೈಯಲ್ಲಿದೆ, ಅಲ್ಲಿ ಒಳ್ಳೆಯ ಆಸ್ಪತ್ರೆ ಇದೆ ಎಂದು ಮೀನಿನ ದೋಣಿಯಲ್ಲಿ ಕದ್ದು ಕರೆದೊಯ್ದರು. ದೋಣಿ ಮಗುಚಿತು. ಹೆಣವೂ ಸಿಗಲಿಲ್ಲ. ಪಾಸ್‌ಪೋರ್ಟ್ ಮಾರಿದ ದುಡ್ಡಿನಲ್ಲಿ ರಸ್ತೆ, ಆಸ್ಪತ್ರೆ ಬರುತ್ತದೆ ಎಂದು ಅವನೂರಿನವರು ನಂಬಿದ್ದರಂತೆ.

ವಾಪಸು ಬರುವಾಗ ಜೆಬೆಲ್ ಅಲಿ ಹತ್ತಿರ ಅವರು ಪಾಸ್‌ಪೋರ್ಟನ್ನು ಜೇಬಿನಿಂದ ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಹಾಕಿದರು. ಆಮೇಲೆ, "ಆ ಹುಡುಗಿಗೂ ಏನೂ ಸಿಗ್ಲಿಲ್ಲ, ನಂಗೂ ನೆಲ ಸಿಗ್ಲಿಲ್ಲ. ಈ ಪುಸ್ತಕದಿಂದ ಯಾರಿಗೆ ಏನಾಯ್ತು ಶೆಟ್ರೇ?" ಎಂದರು. ಅಲ್ಲಿಂದ ಮುಂದೆ ಅವರು ಲವಂಗದ ಸುದ್ದಿ ಎತ್ತುವುದನ್ನು ಬಿಟ್ಟರು.

ಮರುವರ್ಷ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಹೊಸದಕ್ಕೆ ಅರ್ಜಿ ಹಾಕಿದರು. ಕಚೇರಿಗೆ ಹೋಗಿ ಕೇಳಿದಾಗಲೆಲ್ಲ ಬುಕ್ರಾ, ನಾಳೆ ಬಾ ಎಂಬ ಉತ್ತರ. ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಲೈಸೆನ್ಸ್ ಇಲ್ಲ. ಮಗಳು ಹಾಜರಾಳ ಶಾಲೆಯಿಂದ ಐ.ಡಿ. ಕೇಳಿ ಎರಡು ಸಲ ಪತ್ರ ಬಂತು. ಕೊನೆಗೆ ಮ್ಯಾನೇಜರ್ ನನ್ನನ್ನು ಕರೆದು, ಗಾಡಿಯ ಕೀಲಿಯನ್ನೂ ಗೇಟಿನ ಕಾರ್ಡನ್ನೂ ವಾಪಸು ತೆಗೆದುಕೊಳ್ಳಲು ಹೇಳಿದರು. ನಾನು ಖಮೀಸ್ ಭಾಯ್ ಮುಂದೆ ಕೈಯೊಡ್ಡಿದೆ. ಅವರು ಕೊಟ್ಟರು.

ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಅವರು ಕೇಳಿದ್ದು ಒಂದೇ.

"ಐ.ಡಿ. ಇಲ್ಲ ಅಂತ ಈ ವಾರ ನನ್ನ ಫೋನ್ ಕಟ್ ಆಗ್ತದೆ. ನಿಮ್ಮ ಹೆಸರಲ್ಲಿ ಒಂದು ಸಿಮ್ ತೆಗೆದುಕೊಡ್ತೀರಾ? ಪಾಸ್‌ಪೋರ್ಟ್ ಬಂತು ಅಂತ ಕಚೇರಿಯವರು ಫೋನ್ ಮಾಡಿದ್ರೆ ನಂಗೆ ಗೊತ್ತಾಗ್ಬೇಕಲ್ಲ."

ನಮ್ಮ ಹೆಸರಿನ ಸಿಮ್ ಬೇರೆಯವರಿಗೆ ಕೊಟ್ಟರೆ ಇಲ್ಲಿ ಕೇಸು. ನನ್ನ ವೀಸಾ, ಹೆಂಡತಿಯ ಆಸ್ಪತ್ರೆ ಕೆಲಸ, ಮಕ್ಕಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಮನೆಯಲ್ಲಿ ಕೇಳಿ ಹೇಳ್ತೇನೆ ಖಮೀಸ್ ಭಾಯ್."

ಕೇಳುವ ಮನಸ್ಸು ನನಗಿರಲಿಲ್ಲ. ಅದು ಅವರಿಗೂ ತಿಳಿಯಿತು.

"ಮಾಫಿ ಮುಷ್ಕಿಲ್, ತೊಂದ್ರೆ ಇಲ್ಲ," ಎಂದು ನನ್ನ ಭುಜ ತಟ್ಟಿದರು. "ಮನೆಯಲ್ಲಿ ನನ್ನ ಸಲಾಂ ಹೇಳಿ."

ಎರಡು ವಾರ ಬುತ್ತಿಯಲ್ಲಿ ಅವರ ಪಾಲಿನ ಅನ್ನ ಹಾಗೇ ಉಳಿದು ಮನೆಗೆ ವಾಪಸು ಹೋಗುತ್ತಿತ್ತು. ಕೊನೆಗೆ ಹೆಂಡತಿಗೂ ತಿಳಿಸದೆ ನನ್ನ ಹೆಸರಲ್ಲಿ ಸಿಮ್ ತೆಗೆದುಕೊಂಡು ಸತ್ವಾ ಬಡಾವಣೆಯ ಅವರ ಮನೆಗೆ ಹೋದೆ. ಅವರ ಫೋನ್ ಆಗಲೇ ಸತ್ತಿತ್ತು. ಬಾಗಿಲು ತೆರೆದವರು ಬೇರೆ ಯಾರೋ. ಕೆಳಗೆ ಬಂದು ವಾಚ್‌ಮನ್‌ನನ್ನು ಕೇಳಿದೆ. ಅವನು ಆ ಕಟ್ಟಡಕ್ಕೆ ಹೊಸಬ.

"ಹೆಂಡ್ತಿ ಮಗಳನ್ನು ಕರ್ಕೊಂಡು ಯಾರದೋ ಪಿಕಪ್‌ನಲ್ಲಿ ಸಾಮಾನು ಹಾಕಿ ಹೋದ್ರು ಸಾಬ್," ಎಂದ ಹಿಂದಿಯಲ್ಲಿ. "ದೇಶಕ್ಕೆ ಹೋಗ್ತೇನೆ ಅಂದ್ರು."

"ಯಾವ ದೇಶಕ್ಕೆ?"

ಅವನು ನನ್ನ ಮುಖವನ್ನೇ ನೋಡಿದ.

"ಅದನ್ನು ನಾನ್ಯಾಕೆ ಕೇಳ್ಲಿ ಸಾಬ್? ಅವ್ರ ದೇಶಕ್ಕೆ."