ತೊಟ್ಟು ಚಿವುಟಿದ ಕಡುಬು

ನಮ್ಮ ಮನೆಯಲ್ಲಿ ಅರಿಶಿನ ಎಲೆಯ ಕಡುಬಿಗೆ ಹಬ್ಬವೇ ಬರಬೇಕೆಂದಿರಲಿಲ್ಲ. ಹಿತ್ತಲಲ್ಲಿ ಎಲೆ ಹಸಿರಾಗಿರುವಷ್ಟು ದಿನ, ಭಾನುವಾರ ಬಂದರೆ ಸಾಕು. ಅಪ್ಪ ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರಿಗೆ ಶುಗರ್ ಬಂದ ಮೇಲೆ ಅಮ್ಮ ಅವರ ಪಾಲಿನ ಎರಡು ಕಡುಬಿಗೆ ಬೆಲ್ಲ ಬಿಟ್ಟು ಬರೀ ಕಾಯಿತುರಿ ತುಂಬತೊಡಗಿದಳು. ಗುರುತಿಗೆ ಆ ಎಲೆಗಳ ತೊಟ್ಟು ಚಿವುಟುತ್ತಿದ್ದಳು. ಡಾಕ್ಟರು ಅಕ್ಕಿಹಿಟ್ಟೇ ಬೇಡ ಅಂದಿದ್ದರು. ಅಮ್ಮನ ಪ್ರಕಾರ ಡಾಕ್ಟರಿಗೆ ಭಾನುವಾರ ಅಂದರೇನೆಂದು ಗೊತ್ತಿರಲಿಲ್ಲ.

ಬೆಂದ ಕಡುಬು ಇಳಿಸಿ ಬಡಿಸುವುದು ಮಗಳಾದ ನನ್ನ ಕೆಲಸ. ಒಮ್ಮೆ ಅಪ್ಪ ಅಡುಗೆಮನೆ ಬಾಗಿಲಿಗೆ ಬಂದು, "ಒಂದಿನಕ್ಕೆ ಏನಾಗ್ತದೆ ಮಗ, ಬೆಲ್ಲದ್ದೇ ಇಡು. ನಿಮ್ಮಮ್ಮಂಗೆ ಗೊತ್ತಾಗ್ಬಾರ್ದು" ಎಂದರು. ಎಲ್ಲರನ್ನೂ ಗದರಿಸುವ ಮನುಷ್ಯ ಹಾಗೆ ಬೇಡಿದ್ದು ನೋಡಿ ಕರಗಿಹೋದೆ. ಎರಡು ಬೆಲ್ಲದ ಕಡುಬಿನ ತೊಟ್ಟು ಚಿವುಟಿ ಅವರ ತಟ್ಟೆಗಿಟ್ಟೆ. ಸಪ್ಪೆಯವನ್ನು ನಾನು ತಿಂದೆ. ಎರಡು ಮಳೆಗಾಲ ಹೀಗೇ ನಡೆಯಿತು.

ಮೊದಲು ಕಾಲ್ಬೆರಳು ಕಪ್ಪಾಯಿತು. ಆಮೇಲೆ ಪಾದವನ್ನೇ ತೆಗೆದರು. ಆಸ್ಪತ್ರೆಯಿಂದ ಬಂದ ಮೇಲೂ ಅಪ್ಪ ಕಣ್ಣಲ್ಲೇ ಕೇಳಿದರು, ನಾನು ಕೊಟ್ಟೆ. ಇದನ್ನು ಬರೆಯುವಾಗ ಈ ಕೈಯನ್ನು ಒಲೆಗೆ ಇಡಬೇಕು ಅನ್ನಿಸುತ್ತದೆ. ಅವತ್ತು ತಟ್ಟೆ ತೆಗೆಯಲು ಬಂದ ಅಮ್ಮನಿಗೆ ತೊಟ್ಟಿಲ್ಲದ ಎಲೆಯಲ್ಲಿ ಬೆಲ್ಲದ ಅಂಟು ಸಿಕ್ಕಿತು. ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿದಳು. ಅವಳ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು.

"ನಂಗೆ ಕಣ್ ಕಾಣ್ದೆ ಯಾವ್ದುಕ್ಕೋ ಯಾವ್ದೋ ತುಂಬ್ಬಿಟ್ಟಿದೀನಿ" ಎಂದು ಅಲ್ಲೇ ಕುಸಿದಳು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ನಾನೂ ಬಾಯಿ ಬಿಡಲಿಲ್ಲ.

ವರ್ಷ ತುಂಬುವುದರೊಳಗೆ ಅಪ್ಪ ಹೋದರು. ನಾಲ್ಕು ಕಡುಬು ತಿಂದು ಯಾರೂ ಸಾಯುವುದಿಲ್ಲ ಎನ್ನುವವರಿದ್ದಾರೆ. ಅವರು ಆ ಪಾದ ನೋಡಿದವರಲ್ಲ. ಅಮ್ಮ ಮತ್ತೆ ಕಡುಬು ಮಾಡಲಿಲ್ಲ. ಬೆಲ್ಲ ಬಾಯಿಗಿಡಲಿಲ್ಲ, ಕಾಫಿಯನ್ನೂ ಕಹಿಯಾಗಿಯೇ ಕುಡಿದಳು. ಮನೆಗೆ ಬಂದವರೆದುರು, "ನಾನೇ ಕೈಯಾರೆ ಸಾಯಿಸ್ದೆ" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

ಈ ಸಲದ ಮಳೆಗಾಲದಲ್ಲಿ ಒಂದು ದಿನ ಅವಳು ಹಿತ್ತಲಿನ ಅರಿಶಿನದ ಗಿಡಗಳನ್ನೆಲ್ಲ ಕಿತ್ತು ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ: ಅಪ್ಪ ಬೇಡಿದ್ದು, ನಾನು ತೊಟ್ಟು ಚಿವುಟಿದ್ದು, ಸಪ್ಪೆಯವನ್ನು ತಿಂದಿದ್ದು. ಹೊಡೆಯಲಿ ಅಂತ ಕಾದೆ.

ಅಮ್ಮ ಮಣ್ಣಿನ ಕೈಯಲ್ಲೇ ನನ್ನ ತಲೆ ಸವರಿದಳು. "ನನ್ ಸಮಾಧಾನಕ್ಕೆ ಅಂತ ಇಲ್ದಿದ್ದೆಲ್ಲ ನಿನ್ ಮೇಲೆ ಹಾಕೋಬೇಡ ಮಗ. ಅಪ್ಪ ಅಂದ್ರೆ ಪ್ರಾಣ ಬಿಡ್ತಿದ್ದೋಳು, ನೀನು ಹಂಗ್ ಮಾಡ್ತೀಯಾ?" ಎಂದು ಇನ್ನೊಂದು ಗಿಡಕ್ಕೆ ಕೈ ಹಾಕಿದಳು.